ಬಣ್ಣ ಹಚ್ಚುವ ಮೊದಲು ಗುರುತು ಹಾಕುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ವೆಬ್ ಪುಟ ಬರೆಯಲು ಹೊಸದಾಗಿ ಕಲಿಯುವವರಿಗೆ ಮೊದಲ ಪಾಠದಲ್ಲಿಯೇ ಅಕ್ಷರಕ್ಕೆ ಬಣ್ಣ ಹಚ್ಚುವುದನ್ನೂ ಗಾತ್ರ ಹಿಗ್ಗಿಸುವುದನ್ನೂ ಹೇಳಿಕೊಡುವ ರೂಢಿ ಇನ್ನೂ ಹೋಗಿಲ್ಲ. ಫಲ ಕೂಡಲೇ ಕಣ್ಣಿಗೆ ಕಾಣುವುದರಿಂದ ಕಲಿಯುವವರಿಗೆ ಹುರುಪು ಬರುತ್ತದೆ, ನಿಜ. ಆದರೆ ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಇರುವುದು ಅಲಂಕಾರಕ್ಕಲ್ಲ, ಬರಹದ ಯಾವ ಭಾಗ ಏನು ಎಂದು ಗುರುತು ಹಾಕುವುದಕ್ಕೆ. ಎಚ್‌ಟಿಎಂಎಲ್‌ನ 'ಎಂ' ಸೂಚಿಸುವ 'ಮಾರ್ಕಪ್' ಎಂಬ ಹೆಸರೇ ಮುದ್ರಣಾಲಯದಿಂದ ಬಂದದ್ದು. ಅಚ್ಚುಮೊಳೆ ಜೋಡಿಸುವವರಿಗಾಗಿ ಹಸ್ತಪ್ರತಿಯ ಮೇಲೆ ಬರೆಯುತ್ತಿದ್ದ ಸೂಚನೆಗಳಿಗೆ ಆ ಹೆಸರಿತ್ತು.

ಸರ್ನ್ ಎಂಬ ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿದ್ದ, ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 1991ರಲ್ಲಿ ವಿವರಿಸಿದ ಟ್ಯಾಗ್‌ಗಳಲ್ಲಿ, ಅಂದರೆ ಬರಹದ ಭಾಗಗಳಿಗೆ ಹಾಕುವ ಗುರುತುಗಳಲ್ಲಿ, ಶೀರ್ಷಿಕೆ, ಪ್ಯಾರಾ, ಪಟ್ಟಿ, ಕೊಂಡಿಗಳಿದ್ದವೇ ಹೊರತು ಬಣ್ಣಕ್ಕೆಂದು ಒಂದೂ ಇರಲಿಲ್ಲ. ಬಣ್ಣ ಮತ್ತು ಗಾತ್ರಗಳನ್ನು ಹೇಳುವ 'ಫಾಂಟ್' ಟ್ಯಾಗ್ 1997ರ ಜನವರಿಯಲ್ಲಿ ಎಚ್‌ಟಿಎಂಎಲ್‌ನ 3.2ನೇ ಆವೃತ್ತಿಯ ಮೂಲಕ ಮಾನ್ಯತೆ ಪಡೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ 4.0 ಆವೃತ್ತಿಯು ಅದನ್ನು ಬಳಸದಿರುವುದೇ ಲೇಸೆಂದು ಸಾರಿತು. ರೂಪದ ಕೆಲಸವನ್ನು ಬಣ್ಣ, ಗಾತ್ರ, ವಿನ್ಯಾಸಗಳನ್ನು ಹೇಳುವ ಬೇರೊಂದು ಭಾಷೆಯಾದ ಸಿಎಸ್‌ಎಸ್‌ಗೆ ಒಪ್ಪಿಸಿ ಇಷ್ಟು ಕಾಲವಾದರೂ ನಮ್ಮ ಪಾಠಗಳು ಮಾತ್ರ ಆ ಜನವರಿಯಲ್ಲೇ ನಿಂತಂತಿವೆ.

ಪತ್ರಿಕೆಯ ಓದುಗರು ಅಕ್ಷರದ ಗಾತ್ರ ನೋಡಿಯೇ ಇದು ತಲೆಬರಹವೆಂದು ತಿಳಿಯುತ್ತಾರೆ. ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶವನ್ನು ನೆಚ್ಚಿಕೊಂಡಿರುವ ದೃಷ್ಟಿಹೀನರಿಗೆ ಆ ಗಾತ್ರದಿಂದ ಪ್ರಯೋಜನವಿಲ್ಲ. ತಲೆಬರಹವನ್ನು 'ಎಚ್1'ರಿಂದ 'ಎಚ್6'ರವರೆಗಿನ ಟ್ಯಾಗ್‌ಗಳಲ್ಲಿ ತಕ್ಕದ್ದರೊಳಗೆ ಇಟ್ಟಿದ್ದರೆ ಅವರು ಒಂದು ಕೀ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯಬಲ್ಲರು. ಸಾಮಾನ್ಯ ಪ್ಯಾರಾವನ್ನೇ ದಪ್ಪಗೆ ಮಾಡಿ ತಲೆಬರಹವೆನಿಸಿದ್ದರೆ ಇಡೀ ಪುಟವನ್ನು ಮೊದಲಿನಿಂದ ಕೇಳುತ್ತಾ ಕೂರಬೇಕು. ಚಿತ್ರಕ್ಕೆ 'ಆಲ್ಟ್' ವಿವರಣೆ ಬರೆಯದಿದ್ದರೆ ಆ ತಂತ್ರಾಂಶ ಕೆಲವೊಮ್ಮೆ ಕಡತದ ಹೆಸರನ್ನೇ ಉಗ್ಗುತ್ತಾ ಓದುತ್ತದೆ. ಬರೀ ಅಂದಕ್ಕೆಂದು ಹಾಕಿದ ಚಿತ್ರವಾದರೆ 'ಆಲ್ಟ್' ಅನ್ನು ಖಾಲಿ ಬಿಡಬೇಕು, ಕೈಬಿಡಬಾರದು.

ಕನ್ನಡದಲ್ಲಿ ಪುಟ ಬರೆಯುವವರು ಇನ್ನೆರಡು ಸಾಲುಗಳನ್ನು ಮರೆಯಬಾರದು. ಪುಟದ ಭಾಷೆ ಕನ್ನಡವೆಂದು ಟ್ಯಾಗ್‌ನೊಳಗೆ ಬರೆಯುವ 'ಲ್ಯಾಂಗ್' ಎಂಬ ಗುಣದಲ್ಲಿ ಹೇಳಿದ್ದರೆ ಓದಿ ಹೇಳುವ ತಂತ್ರಾಂಶಕ್ಕೆ ತಕ್ಕ ಧ್ವನಿಯನ್ನು ಆರಿಸಿಕೊಳ್ಳಲು ಸಾಧ್ಯವಾಗುತ್ತದೆ. ಅಕ್ಷರಗಳನ್ನು ಕಂಪ್ಯೂಟರ್ ಬೈಟ್‌ಗಳಾಗಿ ಇಟ್ಟುಕೊಳ್ಳುವ ಸಂಕೇತ ಯುಟಿಎಫ್-8 ಎಂಬುದನ್ನು ಕಡತದ ಮೊದಲ 1024 ಬೈಟ್‌ಗಳೊಳಗೆ ಘೋಷಿಸಬೇಕು. ಆ ಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್ ಬೇಕಾಗುವುದರಿಂದ, ಬ್ರೌಸರ್ ತಪ್ಪಾಗಿ ಊಹಿಸಿದರೆ 'ಕ' ಇರಬೇಕಾದಲ್ಲಿ ಅರ್ಥವಿಲ್ಲದ ಮೂರು ಗುರುತುಗಳು ಕಾಣಿಸಿಕೊಳ್ಳಬಹುದು.

ಬ್ರೌಸರ್‌ಗಳ ಔದಾರ್ಯವೂ ಒಂದು ತೊಡಕೇ. ಟ್ಯಾಗ್ ಮುಚ್ಚದಿದ್ದರೂ, ಒಂದರೊಳಗೊಂದು ಅಡ್ಡಾದಿಡ್ಡಿ ಸೇರಿಸಿದ್ದರೂ ಅವು ಹೇಗೋ ಸರಿಪಡಿಸಿ ತೋರಿಸುತ್ತವೆ. ಹೀಗಾಗಿ ತಪ್ಪಾಗಿದೆಯೆಂಬುದೇ ಬರೆದವರಿಗೆ ತಿಳಿಯುವುದಿಲ್ಲ.

ಆದ್ದರಿಂದ ಕಲಿಸುವವರಲ್ಲಿ ನನ್ನ ವಿನಂತಿ ಇಷ್ಟೆ: ಮೊದಲ ಕೆಲವು ಪಾಠಗಳಲ್ಲಿ ಸಿಎಸ್‌ಎಸ್ ಮುಟ್ಟಲೇಬೇಡಿ. ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರದಂತಿರುವ ಆ ಪುಟವನ್ನು ಬರೆದವರಲ್ಲದೆ ಬೇರೊಬ್ಬರು ಓದಲಿ. ಯಾವುದು ಶೀರ್ಷಿಕೆ, ಯಾವುದು ಪಟ್ಟಿ, ಕೊಂಡಿ ಎತ್ತ ಒಯ್ಯುತ್ತದೆ ಎಂಬುದು ಅವರಿಗೆ ಕೇಳದೆಯೇ ತಿಳಿದ ಮೇಲೆ ಬಣ್ಣದ ಪಾಠ ಆರಂಭಿಸಬಹುದು.

ಇಂತಿ,
ನಿಮ್ಮ ಪತ್ರಿಕೆಯ ಓದುಗ