ಹೂಳೆತ್ತುವ ಮೊದಲು ಕೆರೆಯಂಚಿನ ಮೀನು ಎಣಿಸಿ

ಮಾನ್ಯ ಸಂಪಾದಕರೇ,

ನಮ್ಮ ಮೈಸೂರು, ಮಂಡ್ಯ ಸೀಮೆಯಲ್ಲಿ ಕೆರೆ ಹೂಳೆತ್ತುವ ಮಾತು ಬಂದಾಗ ನೀರು, ಮಣ್ಣು, ಏರಿಯ ಬಗ್ಗೆ ಪುಟಗಟ್ಟಲೆ ವರದಿ ತಯಾರಾಗುತ್ತದೆ. ಮೀನಿನ ಪಟ್ಟಿ ಮಾತ್ರ ಕಾಟ್ಲಾ, ರೋಹು, ಗೆಂಡೆ, ಜಿಲೇಬಿಗೆ ನಿಂತುಬಿಡುತ್ತದೆ. ಗುತ್ತಿಗೆದಾರರ ಬಲೆಗೆ ಬಿದ್ದದ್ದನ್ನು ನೋಡಿ ಬರೆದರೆ ಹೀಗೇ ಆಗುವುದು. ಮಾರಾಟದ ಮೀನಿಗೆಂದು ಹೆಣೆದ ಬಲೆಯ ಕಣ್ಣು ದೊಡ್ಡದು. ಬೆರಳುದ್ದದ ನಾಡಮೀನು ಅದರಲ್ಲಿ ನಿಲ್ಲುವುದಿಲ್ಲ. ಅಕ್ಕಿ ಜರಡಿಯಲ್ಲಿ ರಾಗಿ ಹಿಡಿಯಲು ಹೋದಂತೆ. ಬೆಳ್ಳಕ್ಕಿ, ಮಿಂಚುಳ್ಳಿಗಳ ಹೊಟ್ಟೆ ತುಂಬಿಸುವುದು ಈ ಸಣ್ಣ ಮೀನುಗಳೇ. ಇವು ಇರುವುದು ಸೊಂಟದುದ್ದ ನೀರಿನ ಅಂಚಿನಲ್ಲಿ. ಜೆಸಿಬಿ ಮೊದಲು ಇಳಿಯುವುದೂ ಅಲ್ಲಿಗೇ.

ಈ ಅಂಚಿಗೆ ತಕ್ಕದ್ದು ಸಣ್ಣ ಕಣ್ಣಿನ ಎಳೆಬಲೆ. ಉದ್ದ 10 ಮೀಟರ್, ಎತ್ತರ 2 ಮೀಟರ್, ಕಣ್ಣು 5–6 ಮಿ.ಮೀ. ಇದ್ದರೆ ಸಾಕು. ಎಳೆಯುವಾಗ ಬಲೆ ಹಿಂದಕ್ಕೆ ಉಬ್ಬಿ ಎತ್ತರ ಕಳೆದುಕೊಳ್ಳುತ್ತದೆ. ಆದ್ದರಿಂದ ನೀರು 1.2 ಮೀಟರ್ ಮೀರಿದ ಕಡೆ ಇದನ್ನು ಎಳೆಯಬಾರದು. ಬಲೆಯ ಮೇಲಂಚನ್ನು ತೇಲಿಸುವ ಬೆಂಡಿನ ಹಗ್ಗ ಮುಳುಗಿ ಮೀನು ಮೇಲಿಂದ ದಾಟುತ್ತದೆ. ಎರಡು ತುದಿಗೂ ಗಳ ಕಟ್ಟಿ, ಒಬ್ಬರು ದಡದ ಬದಿಯಲ್ಲಿ, ಇನ್ನೊಬ್ಬರು ಒಳಗೆ ನಿಂತು ದಡಕ್ಕೆ ಸಮಾನಾಂತರವಾಗಿ 20 ಮೀಟರ್ ನಡೆಯಬೇಕು. ಗಳದ ಬುಡ ಮುಂದೆ, ತಲೆ ಹಿಂದೆ ಬಾಗಿರಲಿ. ಆಗ ಸೀಸದ ಗುಂಡು ಕಟ್ಟಿದ ಅಡಿಹಗ್ಗ ನೆಲ ಸವರಿಕೊಂಡೇ ಬರುತ್ತದೆ. ಅದು ಗೇಣುದ್ದ ಎದ್ದರೂ ಹಾವುಮೀನು, ಚೇಳುಮೀನು ಅಡಿಯಿಂದ ನುಸುಳುತ್ತವೆ. ಕೊನೆಗೆ ಒಳಗಿನವರು ಸುತ್ತಿಕೊಂಡು ದಡಕ್ಕೆ ಬಂದು, ಇಬ್ಬರೂ ಬಗ್ಗಿ ಅಡಿಹಗ್ಗವನ್ನು ನೆಲಕ್ಕೆ ಒತ್ತಿ ಒಟ್ಟಿಗೆ ಎಳೆಯಬೇಕು. ಹೆಚ್ಚು ಮೀನು ತಪ್ಪಿಸಿಕೊಳ್ಳುವುದು ಈ ಕೊನೆಯ ಎರಡು ಮೀಟರಿನಲ್ಲಿ. ನಡುವೆ ಬೇರಿಗೋ ಕಲ್ಲಿಗೋ ಸಿಕ್ಕಿ ನಿಂತ ಎಳೆತವನ್ನು ಲೆಕ್ಕಕ್ಕೆ ಹಿಡಿಯಬೇಡಿ.

10 ಮೀಟರ್ ಬಲೆ ಎಳೆಯುವಾಗ 10 ಮೀಟರ್ ಬಾಯಿ ತೆರೆದಿರುವುದಿಲ್ಲ. ಎರಡು ಗಳಗಳ ನಡುವೆ 7 ಮೀಟರ್ ಹಗ್ಗ ಕಟ್ಟಿಕೊಂಡು, ಅದು ಬಿಗಿಯಾಗಿರುವಂತೆ ನಡೆದರೆ ಅಗಲ ಒಂದೇ ಸಮ ಇರುತ್ತದೆ. 7 ಮೀಟರ್ ಅಗಲ, 20 ಮೀಟರ್ ಉದ್ದ ಎಂದರೆ 140 ಚದರ ಮೀಟರ್. ಸಿಕ್ಕಿದ್ದನ್ನು 100 ಚದರ ಮೀಟರಿಗೆ ಇಳಿಸಿ ಬರೆಯಿರಿ. ಇಷ್ಟು ಮಾಡಿದರೂ ಎಲ್ಲ ಮೀನು ಬರುವುದಿಲ್ಲ. ಕೆಲವು ಜಾಗಗಳಲ್ಲಾದರೂ ಸುತ್ತ ಇನ್ನೊಂದು ಬಲೆಯ ಬೇಲಿ ಹಾಕಿ, ಅದೇ ಜಾಗವನ್ನು ಅದೇ ರೀತಿ ಎರಡು ಸಲ ಎಳೆಯಬೇಕು. ಮೊದಲ ಎಳೆತದ ಮೀನನ್ನು ಹೊರಗಿನ ತೊಟ್ಟಿಯಲ್ಲಿಡಿ. ಮೊದಲು 60, ಆಮೇಲೆ 24 ಸಿಕ್ಕರೆ 60ರ ವರ್ಗವನ್ನು ವ್ಯತ್ಯಾಸವಾದ 36ರಿಂದ ಭಾಗಿಸಿ. ಬೇಲಿಯೊಳಗೆ ಸುಮಾರು 100 ಇದ್ದವು. ಎರಡನೇ ಸಲವೂ ಹೆಚ್ಚುಕಡಿಮೆ ಅಷ್ಟೇ ಸಿಕ್ಕರೆ ಈ ಲೆಕ್ಕ ಕೈಕೊಡುತ್ತದೆ, ಬಳಸಬಾರದು.

ಜೊಂಡಿನ ನಡುವೆ ಎಳೆಬಲೆ ಸಾಗದು. ಅಲ್ಲಿ ಸಂಜೆ ಕೂಳಿ (ಒಳಹೊಕ್ಕ ಮೀನು ಹೊರಬರಲಾಗದ ಬುಟ್ಟಿಯಂಥ ಬೋನು) ಇಟ್ಟು ಬೆಳಗ್ಗೆ ತೆಗೆಯಿರಿ. ಕೂಳಿಯ ಮೇಲ್ಭಾಗ ನೀರಿನಿಂದ ಹೊರಗಿರಲೇಬೇಕು. ಕೊರವ ಮೀನು ಮೇಲೆ ಬಂದು ಗಾಳಿ ಕುಡಿಯುವಂಥದ್ದು, ಆಮೆಯೂ ಅಷ್ಟೇ. ಪೂರ್ತಿ ಮುಳುಗಿಸಿದರೆ ಉಸಿರುಕಟ್ಟಿ ಸಾಯುತ್ತವೆ.

ಯುರೋಪಿನ ಮೀನು ಸಮೀಕ್ಷೆಯ ಮಾನದಂಡದಲ್ಲಿರುವ ಕಿವಿರುಬಲೆಯನ್ನು (ನೀರಿನಲ್ಲಿ ನಿಲ್ಲಿಸಿಟ್ಟು, ಈಜಿ ಬಂದ ಮೀನಿನ ಕಿವಿರು ಕಣ್ಣಿಗೆ ಸಿಕ್ಕಿಕೊಳ್ಳುವ ಬಲೆ) ಇಲ್ಲಿಗೆ ಹಾಗೆಹಾಗೇ ತರಬೇಕೆನ್ನುವವರಿದ್ದಾರೆ. 30 ಮೀಟರ್ ಉದ್ದ, 1.5 ಮೀಟರ್ ಎತ್ತರ, 5ರಿಂದ 55 ಮಿ.ಮೀ.ವರೆಗೆ 12 ಅಳತೆಯ ಕಣ್ಣು, ರಾತ್ರಿಯಿಡೀ ನೀರಿನಲ್ಲಿ. ಅಲ್ಲಿನ ತಣ್ಣೀರಿಗೆ ಅದು ಸರಿ. ನಮ್ಮ ಬೆಚ್ಚನೆಯ ನೀರಿನಲ್ಲಿ ಬೆಳಗಾಗುವಷ್ಟರಲ್ಲಿ ಮೀನು ಕೊಳೆಯಲು ಶುರುವಾಗಿರುತ್ತದೆ. ನೀರುಕಾಗೆ, ಆಮೆಗಳೂ ಸಿಕ್ಕಿಕೊಳ್ಳುತ್ತವೆ. ಹೆಜ್ಜಾರ್ಲೆಗಳು ಗೂಡು ಕಟ್ಟುವ ಕೊಕ್ಕರೆ ಬೆಳ್ಳೂರಿನ ಸುತ್ತಲ ಕೆರೆಗಳಲ್ಲಂತೂ ಕಿವಿರುಬಲೆ ಬೇಡವೇ ಬೇಡ. ಬೇರೆ ಕಡೆ ಅನಿವಾರ್ಯವಾದರೆ ಒಂದೆರಡು ಗಂಟೆ ಬಿಟ್ಟು, ಪಕ್ಕದಲ್ಲೇ ಕಾದಿದ್ದು ಎತ್ತಬೇಕು. ಇನ್ನೊಂದು ಮಾತು: ಆ ಮಾನದಂಡದ ಅಳತೆ ಕಣ್ಣಿನ ಒಂದು ಗಂಟಿನಿಂದ ಪಕ್ಕದ ಗಂಟಿಗೆ. ನಮ್ಮಲ್ಲಿ ಸಾಮಾನ್ಯವಾಗಿ ಕಣ್ಣನ್ನು ಹಿಗ್ಗಿಸಿ ಎದುರುಬದುರು ಗಂಟುಗಳ ನಡುವೆ ಅಳೆಯುವುದರಿಂದ ಅಲ್ಲಿನ 20 ಇಲ್ಲಿನ 40 ಆಗುತ್ತದೆ. ಯಾವ ಅಳತೆಯೆಂದು ಬರೆಯದ ವರದಿ ಯಾರಿಗೂ ಉಪಯೋಗಕ್ಕೆ ಬಾರದು.

ಕಾಲವನ್ನೂ ನೋಡಬೇಕು. ಏಪ್ರಿಲ್–ಮೇನಲ್ಲಿ ಕೆರೆ ಬತ್ತಿದಾಗ ಇದ್ದಷ್ಟು ಮೀನೇ ಚಿಕ್ಕ ಜಾಗದಲ್ಲಿ ಒತ್ತಾಗಿರುವುದರಿಂದ ಬಲೆಗೆ ಜಾಸ್ತಿ ಬೀಳುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ ಅದೇ ಮೀನು ಹರಡಿಹೋಗುತ್ತದೆ, ನಾಲೆಯಿಂದ ಹೊಸದೂ ಸೇರುತ್ತದೆ. ಹೂಳೆತ್ತುವ ಮುಂಚಿನ ಮೇ ಲೆಕ್ಕವನ್ನು ಆಮೇಲಿನ ಅಕ್ಟೋಬರ್ ಲೆಕ್ಕದ ಪಕ್ಕ ಇಟ್ಟು ತೀರ್ಮಾನ ಹೇಳುವುದು ತಪ್ಪು. ಅದೇ ಜಾಗ, ಅದೇ ಬಲೆ, ಅದೇ ತಿಂಗಳು, ಹತ್ತಿರಹತ್ತಿರ ಅದೇ ನೀರಿನ ಮಟ್ಟ ಇರಬೇಕು.

ಒಂದು ಕೆರೆಯಲ್ಲಿ ಎಳೆದ ಬಲೆಯನ್ನು ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸದೆ ಇನ್ನೊಂದಕ್ಕೆ ಇಳಿಸಬಾರದು. ಕಳೆಯ ಚೂರು, ಬಸವನಹುಳು, ಗಂಬೂಸಿಯಾ (ಸೊಳ್ಳೆಮರಿ ತಿನ್ನಲೆಂದು ಹೊರಗಿನಿಂದ ತಂದ ಸಣ್ಣ ಮೀನು) ಮರಿ ಹೀಗೆಯೇ ಊರು ದಾಟುತ್ತವೆ.

ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾಲಯದ್ದು, ಲಿಂಗಾಂಬುಧಿ ಅರಣ್ಯ ಇಲಾಖೆಯದ್ದು, ಕಾರಂಜಿ ಮೃಗಾಲಯದ ಸುಪರ್ದಿಯಲ್ಲಿದೆ. ಅನುಮತಿಯಿಲ್ಲದೆ ಯಾರೂ ಬಲೆ ಇಳಿಸುವಂತಿಲ್ಲ. ಹಾಗಾಗಿ ಕೆರೆಯ ಒಡೆತನ ಇರುವವರೇ ಇದನ್ನು ಮಾಡಿಸಬೇಕು. ಹೂಳೆತ್ತುವ ಟೆಂಡರ್ ಕರೆಯುವ ಮೊದಲು ಅಂಚಿನ ಮೀನಿನ ಎಣಿಕೆಯನ್ನು ಕಡ್ಡಾಯ ಮಾಡಿ, ಬಲೆಯ ಕಣ್ಣು, ಎಳೆದ ವಿಸ್ತೀರ್ಣ, ನೀರಿನ ಆಳ, ಜಾತಿವಾರು ಸಂಖ್ಯೆಯನ್ನು ವರದಿಗೆ ಲಗತ್ತಿಸಲಿ. ಒಂದೂ ಮೀನು ಸಿಗದ ಎಳೆತಗಳನ್ನೂ ಕೈಬಿಡದೆ ಸೊನ್ನೆ ಎಂದೇ ನಮೂದಿಸಲಿ.

— ಕೆರೆ ಮೀನು ಸಮೀಕ್ಷಕರು, ಮಂಡ್ಯ