ಬಿದಿರಿಗೆ ಕಟ್ಟಿದ ಆಸೆಗಳು

ಪ್ರೀತಿಯ ಗೆಳೆಯಾ,

ಹೇಗಿದ್ದೀಯ ಮಾರಾಯ? ಗುಳೇದಗುಡ್ಡದ ಕಡೆ ಮಳೆ ಹೇಗೆ? ಇಲ್ಲಿ ಟೋಕಿಯೋದಲ್ಲಿ ಜಿಟಿಜಿಟಿ ಬಿಟ್ಟಿಲ್ಲ. ಒಗೆದ ಬಟ್ಟೆ ಒಣಗುವುದಿಲ್ಲ, ಬ್ರೆಡ್ಡಿಗೆ ಎರಡೇ ದಿನಕ್ಕೆ ಬೂಸು ಬರುತ್ತದೆ. ಈ ಮಳೆಯ ನಡುವೆಯೇ ಒಂದು ನಕ್ಷತ್ರದ ಹಬ್ಬ ಮಾಡಿದೆವು, ಅದೂ ಗ್ರಂಥಾಲಯದಲ್ಲಿ. ಕಥೆ ನೇಕಾರಳದ್ದು. ಮಗ್ಗದ ಮನೆಯಲ್ಲಿ ಹುಟ್ಟಿದ ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಹಬ್ಬದ ಹೆಸರು ತನಬಾತಾ, ಜುಲೈ 7ಕ್ಕೆ. ನಾವಿರುವ ನಿಶಿ ಕಸಾಯ್‌ನಲ್ಲಿ ಭಾರತದವರು ಜಾಸ್ತಿ, ಹೆಚ್ಚಿನವರು ನನ್ನ ಹಾಗೆ ಸಾಫ್ಟ್‌ವೇರ್‌ನವರು. ಜೂನ್ ಕೊನೆಗೇ ನಮ್ಮ ಬಡಾವಣೆಯ ಗ್ರಂಥಾಲಯದ ಬಾಗಿಲ ಒಳಗೆ ಎಲೆ ಸಮೇತ ಒಂದು ಬಿದಿರು ತಂದು ನಿಲ್ಲಿಸಿದ್ದರು. ಪಕ್ಕದ ಮೇಜಿನ ಮೇಲೆ ಉದ್ದುದ್ದ ಬಣ್ಣದ ಚೀಟಿ, ದಾರ, ಪೆನ್ನು. ಪುಸ್ತಕ ವಾಪಸು ಕೊಡಲು ಬಂದವರೆಲ್ಲ ಒಂದು ಆಸೆ ಬರೆದು ಕೊಂಬೆಗೆ ಕಟ್ಟಿ ಹೋಗುತ್ತಿದ್ದರು. ಈ ಚೀಟಿಗೆ ತಂಜಾಕು ಅನ್ನುತ್ತಾರೆ.

ಹಬ್ಬಕ್ಕೆ ಮುಂಚಿನ ಶನಿವಾರ ಮಕ್ಕಳಿಗೆ ಕಥೆ ಹೇಳುತ್ತೇವೆ ಎಂದು ಬೋರ್ಡ್ ಹಾಕಿದ್ದರು. ಮಗಳನ್ನು ಕರೆದುಕೊಂಡು ಹೋದೆ. ಕಥೆ ಹೇಳಿದ್ದು ಕಾಮಿಶಿಬಾಯಿಯಲ್ಲಿ. ಪುಟ್ಟ ಬಾಗಿಲುಗಳಿರುವ ಮರದ ಚೌಕಟ್ಟು, ಒಳಗೆ ದಪ್ಪ ಕಾಗದದ ಚಿತ್ರಗಳ ಅಟ್ಟಿ. ಒಂದೊಂದೇ ಚಿತ್ರವನ್ನು ಪಕ್ಕಕ್ಕೆ ಎಳೆದು ಹಿಂದಕ್ಕೆ ಸೇರಿಸುತ್ತಾರೆ. ಮುಂದೆ ಕಾಣುವ ಚಿತ್ರದ ಮಾತು ಹಿಂದೆ ಸೇರಿಸಿದ ಹಾಳೆಯ ಬೆನ್ನಿಗೆ ಬರೆದಿರುತ್ತದೆ, ಅಲ್ಲಿ ನೋಡಿ ಓದುತ್ತಾರೆ. 1930ರ ಹೊತ್ತಿಗೆ ಮಿಠಾಯಿ ಮಾರುವವರು ಇದನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೀದಿ ಬೀದಿ ತಿರುಗುತ್ತಿದ್ದರಂತೆ. ನಮಗೆ ಓದಿದ ಹೆಂಗಸು ಎಳೆಯುವುದನ್ನು ಅರ್ಧಕ್ಕೆ ನಿಲ್ಲಿಸುವುದರಲ್ಲಿ ಎತ್ತಿದ ಕೈ. ಹಳೆ ಚಿತ್ರ ಅರ್ಧ, ಹೊಸ ಚಿತ್ರ ಅರ್ಧ. ಮಕ್ಕಳು ಕುಳಿತಲ್ಲೇ ಬಗ್ಗಿ ಇಣುಕುತ್ತಿದ್ದವು.

ಕಥೆ ಇಷ್ಟು. ಆಕಾಶದ ದೊರೆಯ ಮಗಳು ಒರಿಹಿಮೆ ದಿನವಿಡೀ ಮಗ್ಗದಲ್ಲಿ ಕೂತು ನೇಯುತ್ತಾಳೆ. ಮಗಳು ಒಬ್ಬಂಟಿಯಾದಳಲ್ಲ ಎಂದು ಅಪ್ಪ ಅವಳಿಗೆ ದನಗಾಹಿ ಹಿಕೊಬೋಶಿಯ ಜೊತೆ ಮದುವೆ ಮಾಡುತ್ತಾನೆ. ಮದುವೆಯಾದದ್ದೇ ತಡ, ಮಗ್ಗ ನಿಂತಿತು, ದನಗಳು ಹಾದಿಬೀದಿ ಪಾಲಾದವು. ಸಿಟ್ಟಿಗೆದ್ದ ಅಪ್ಪ ಇಬ್ಬರನ್ನೂ ಆಕಾಶಗಂಗೆಯ ಆಚೆ ಈಚೆ ದಡಕ್ಕೆ ಹಾಕಿಬಿಟ್ಟ. ವರ್ಷಕ್ಕೆ ಒಂದೇ ರಾತ್ರಿ ಭೇಟಿ, ಅದೂ ಕೆಲಸ ಸರಿಯಾಗಿ ಮಾಡಿದರೆ. ಆ ರಾತ್ರಿ ಮಳೆ ಬಂದು ಹೊಳೆ ತುಂಬಿದರೆ ಮ್ಯಾಗ್‌ಪೈ ಹಕ್ಕಿಗಳು ರೆಕ್ಕೆ ಸೇರಿಸಿ ಸೇತುವೆ ಕಟ್ಟುತ್ತವೆ. ಮೂಲ ಚೀನಾದ್ದು, ಜಪಾನಿನ ಅರಮನೆಗೆ ಬಂದದ್ದು 8ನೇ ಶತಮಾನದಲ್ಲಿ. ಅಪ್ಪ ಮಾಡಿದ್ದು ಸರಿಯೇ ಅಂತ ಯಾವ ಮಗುವೂ ಕೇಳಲಿಲ್ಲ. ನನಗಂತೂ ಮಾವ ಸ್ವಲ್ಪ ಅತಿ ಮಾಡಿದ ಅನ್ನಿಸಿತು. ನೀನೇನಂತೀಯ?

ಆಮೇಲೆ ಕತ್ತರಿ ಕೆಲಸ. ಬಣ್ಣದ ಕಾಗದವನ್ನು ಉದ್ದಕ್ಕೆ ಮಡಚಿ, ಈ ಅಂಚಿನಿಂದ ಒಂದು, ಆ ಅಂಚಿನಿಂದ ಒಂದು ಕತ್ತರಿಸುತ್ತಾ ಹೋಗಬೇಕು. ಪೂರ್ತಿ ತುಂಡಾಗಬಾರದು. ಬಿಡಿಸಿ ಮೆಲ್ಲಗೆ ಎಳೆದರೆ ಮೀನಿನ ಬಲೆ! ಮೀನು ಚೆನ್ನಾಗಿ ಸಿಗಲಿ ಎಂಬ ಹಾರೈಕೆ ಅದು. ಸೆಂದೈ ಊರಿನ ತನಬಾತಾ ತುಂಬಾ ಹೆಸರುವಾಸಿ, ಅಲ್ಲಿ ಆಗಸ್ಟ್ 6ರಿಂದ 8ರವರೆಗೆ ನಡೆಯುತ್ತದೆ. ಅಲ್ಲಿಯವರ ಏಳು ಬಗೆಯ ಅಲಂಕಾರದಲ್ಲಿ ಈ ಬಲೆಯೂ ಒಂದು. ಕಾಗದದ ಕಿಮೊನೊ, ಕೊಕ್ಕರೆ, ದುಡ್ಡಿನ ಚೀಲ, ನೂಲಿನಂತೆ ಇಳಿಬಿಟ್ಟ ಪಟ್ಟಿಗಳು ಎಲ್ಲ ಇವೆ. ನನಗೆ ಹಿಡಿಸಿದ್ದು ಕಸದ ಬುಟ್ಟಿ. ಬೇರೆ ಅಲಂಕಾರ ಮಾಡಿ ಉಳಿದ ಚೂರುಗಳನ್ನು ಕಾಗದದ ಬುಟ್ಟಿಗೆ ತುಂಬಿ ಅದನ್ನೂ ನೇತುಹಾಕುತ್ತಾರೆ. ಕಸಕ್ಕೂ ಹಬ್ಬದಲ್ಲಿ ಜಾಗ ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ.

ಹಬ್ಬಕ್ಕೂ ಗ್ರಂಥಾಲಯಕ್ಕೂ ಏನು ನಂಟು ಅಂತ ನೀನು ಕೇಳುತ್ತೀಯ, ಗೊತ್ತು. ಇದು ಮೊದಲಿನಿಂದಲೂ ಕೈಕೆಲಸ ಕಲಿಯುವವರ ಹಬ್ಬ. ನೇಯ್ಗೆ, ಹೊಲಿಗೆ ಚೆನ್ನಾಗಿ ಬರಲಿ ಎಂದು ಹೆಣ್ಣುಮಕ್ಕಳು ಬೇಡಿಕೊಳ್ಳುತ್ತಿದ್ದರು. ಎದೊ ಕಾಲದಲ್ಲಿ, ಅಂದರೆ 17ರಿಂದ 19ನೇ ಶತಮಾನದ ನಡುವೆ, ಊರ ಪಾಠಶಾಲೆಗಳಲ್ಲಿ ಓದುವ ಮಕ್ಕಳು ಅಕ್ಷರ ದುಂಡಗಾಗಲಿ ಎಂದು ಚೀಟಿ ಬರೆದು ಕಟ್ಟತೊಡಗಿದರು. ಮಸಿ ತೇಯಲು ನೀರು ಎಲ್ಲಿಯದು ಗೊತ್ತಾ? ಬೆಳಗಿನ ಜಾವ ಕೆಸುವಿನ ಎಲೆಯ ಮೇಲೆ ನಿಂತ ಇಬ್ಬನಿ. ಅದನ್ನು ಕೂಡಿಸಿ ತಂದು ಬರೆದರೆ ಅಕ್ಷರ ಚೆನ್ನಾಗಿ ಒಲಿಯುತ್ತದಂತೆ. ಶಿರಸಿ ಕಡೆಯವನಾದ ನನಗೆ ಕೆಸುವಿನ ಎಲೆ ಅಂದರೆ ಅದರಿಂದ ಮಾಡುವ ಅಡುಗೆ ಕರಕಲಿಯಷ್ಟೇ ಗೊತ್ತಿತ್ತು.

ಬಿದಿರಿನ ಮೇಲಿನ ಚೀಟಿಗಳನ್ನು ಓದುತ್ತಾ ನಿಂತೆ. ‘ಈಜು ಬರಲಿ.’ ‘ಬುಲೆಟ್ ರೈಲು ಓಡಿಸುವವನಾಗಬೇಕು.’ ಇನ್ನೊಬ್ಬ ಪುಣ್ಯಾತ್ಮನಿಗೆ ತಾನೇ ಬುಲೆಟ್ ರೈಲಾಗಬೇಕಂತೆ. ದೊಡ್ಡವರ ನಡುಗುವ ಅಕ್ಷರದಲ್ಲಿ ‘ಹೆಂಡತಿ ಬೇಗ ಆಸ್ಪತ್ರೆಯಿಂದ ಮನೆಗೆ ಬರಲಿ’ ಎಂದೂ ಇತ್ತು. ಎಲ್ಲವೂ ಬಹಿರಂಗ, ಯಾರು ಬೇಕಾದರೂ ಓದಬಹುದು. ನಮ್ಮಲ್ಲಿ ಹರಕೆ ಅಂದರೆ ದೇವರಿಗೂ ನಮಗೂ ನಡುವಿನ ಗುಟ್ಟು, ಬಾಯಿಬಿಟ್ಟರೆ ಫಲಿಸುವುದಿಲ್ಲ ಅಂತ ಅಮ್ಮ ಹೇಳುತ್ತಿದ್ದಳು. ಇಲ್ಲಿ ಪಕ್ಕದ ಮನೆಯವರ ಸಂಕಟ ನನಗೆ ತಿಳಿದದ್ದು ಈ ಬಿದಿರಿನಿಂದ. ಲಿಫ್ಟಿನಲ್ಲಿ ತಲೆ ತಗ್ಗಿಸಿ ನಮಸ್ಕಾರ ಹೇಳಿ ಹೋಗುವ ಜನ, ಚೀಟಿಯಲ್ಲಿ ಇಷ್ಟು ಹೇಳಿಕೊಳ್ಳುತ್ತಾರೆ. ನನಗಿದು ಒಳ್ಳೆಯದೇ ಅನ್ನಿಸಿತು. ಆದರೂ ನನ್ನ ಚೀಟಿ ಬರೆದದ್ದು ಕನ್ನಡದಲ್ಲಿ, ಅಪ್ಪನ ಮೊಣಕಾಲಿನ ವಿಷಯ. ಯಾರೂ ಓದಲಾರರು ಎಂಬ ಧೈರ್ಯ! ಮಗಳು ಮಾತ್ರ ಜಪಾನಿನ ಹಿರಗಾನ ಲಿಪಿಯಲ್ಲಿ ದೊಡ್ಡದಾಗಿ, ಅಜ್ಜಿ ಮನೆ ಬೆಕ್ಕು ಇಲ್ಲಿಗೆ ಬರಲಿ ಎಂದು ಬರೆದು ಎಲ್ಲರಿಗೂ ತೋರಿಸಿದಳು.

7ರ ರಾತ್ರಿ ಮೋಡ, ಒಂದು ಚುಕ್ಕಿಯೂ ಕಾಣಲಿಲ್ಲ. ಇದು ಪ್ರತಿ ವರ್ಷದ ಗೋಳು. ಮೊದಲು ಹಬ್ಬ ಚಾಂದ್ರಮಾನದ ಏಳನೇ ತಿಂಗಳ ಏಳನೇ ದಿನಕ್ಕಿತ್ತು, ಅಂದರೆ ಹೆಚ್ಚಿನ ವರ್ಷ ನಮ್ಮ ನಾಗರ ಪಂಚಮಿಯ ಆಸುಪಾಸು. 1873ರಲ್ಲಿ ಜಪಾನ್ ಹೊಸ ಕ್ಯಾಲೆಂಡರಿಗೆ ಬದಲಾಯಿತು. ತಾರೀಖು ಏಳನ್ನು ಜುಲೈಗೆ ಅಂಟಿಸಿದರು, ಹಬ್ಬ ಹೋಗಿ ಮಳೆಗಾಲದ ನಡುವೆ ಬಿತ್ತು. ಸುಮ್ನೆ ಹಳೆ ಲೆಕ್ಕದಲ್ಲೇ ಬಿಟ್ಟಿದ್ದರೆ ಆಗುತ್ತಿತ್ತು ಅಲ್ವಾ?

ನಿನಗೆ ಆ ತೊಂದರೆ ಇಲ್ಲ. ಒರಿಹಿಮೆ ಅಂದರೆ ನಮ್ಮ ಅಭಿಜಿತ್ ನಕ್ಷತ್ರ, ಹಿಕೊಬೋಶಿ ಅಂದರೆ ಶ್ರವಣ. ಶ್ರಾವಣದಲ್ಲಿ ಮೋಡ ಚದುರಿದ ಒಂದು ರಾತ್ರಿ, ಹತ್ತರ ಸುಮಾರಿಗೆ ಮಕ್ಕಳನ್ನು ಮಾಳಿಗೆ ಹತ್ತಿಸು. ಉತ್ತರಕ್ಕೆ ಮುಖ ಮಾಡಿ ತಲೆ ಎತ್ತಿದರೆ ಎತ್ತರದಲ್ಲಿ ಬೆಳ್ಳಗೆ ಹೊಳೆಯುವುದು ಅಭಿಜಿತ್. ನೆತ್ತಿಯ ಹತ್ತಿರ, ಸ್ವಲ್ಪ ಪೂರ್ವಕ್ಕೆ, ಎಡಬಲಕ್ಕೆ ಒಂದೊಂದು ಸಣ್ಣ ಚುಕ್ಕಿ ಇಟ್ಟುಕೊಂಡಿರುವುದು ಶ್ರವಣ. ಎರಡರ ನಡುವೆ ಬೆಳಕು ಹೋಗಲೂ ಸುಮಾರು 15 ವರ್ಷ ಬೇಕು ಎಂಬುದನ್ನು ಮಾತ್ರ ಮಕ್ಕಳಿಗೆ ಆಗಲೇ ಹೇಳಬೇಡ, ಮೊದಲು ಕಥೆ ಹೇಳು. ಕಂಡಿತೋ ಇಲ್ಲವೋ ಫೋನ್ ಮಾಡು.

ಇಂತಿ ನಿನ್ನ
ಹಾಸ್ಟೆಲ್ ಗೆಳೆಯ