ಸುಣ್ಣ ಬಿದ್ದ ಕಣ್ಣಿಗೆ ಮೊದಲ ವಾರದಲ್ಲೇ ಆಮ್ನಿಯಾನ್ ಪೊರೆ ಸಿಗಲಿ: ರಾಯಚೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಎಲೆ-ಅಡಿಕೆಯ ಸುಣ್ಣದ ಪಾಕೀಟು ಮಗುವಿನ ಕೈಯಲ್ಲಿ ಒಡೆದು ಕಣ್ಣಿಗೆ ಸಿಡಿದರೆ, ಆ ಕಣ್ಣಿನ ಹಣೆಬರಹ ಮೊದಲ ಅರ್ಧ ಗಂಟೆ ಮತ್ತು ಮೊದಲ ವಾರದಲ್ಲಿ ಬಹುಪಾಲು ತೀರ್ಮಾನವಾಗುತ್ತದೆ. ನಮ್ಮ ಬೇಡಿಕೆ ಈ ಎರಡು ಅವಧಿಗಳದ್ದು: ಮೊದಲು ಸರಿಯಾಗಿ ತೊಳೆಯುವ ವ್ಯವಸ್ಥೆ, ವಾರದೊಳಗೆ ಕಣ್ಣಿಗೆ ಹೊದಿಸಲು ಆಮ್ನಿಯಾನ್ ಪೊರೆ (ಹೆರಿಗೆಯ ಮಾಸಿನಿಂದ ತೆಗೆದದ್ದು; ವಯಸ್ಸಾದವರ ಕಣ್ಣಿಗೆ ಬರುವ ಪೊರೆಯಲ್ಲ).

ಸುಣ್ಣ ಕ್ಷಾರ, ಜೀವಕೋಶದ ಕೊಬ್ಬನ್ನು ಕರಗಿಸುತ್ತ ಒಳಕ್ಕೆ ಇಳಿಯುತ್ತಲೇ ಇರುತ್ತದೆ. ಮನೆಯಲ್ಲೇ ಶುದ್ಧ ನೀರು ಸುರಿಯಬೇಕು (ಎದೆಹಾಲು, ಹರಳೆಣ್ಣೆ ಖಂಡಿತ ಬೇಡ). ಆಸ್ಪತ್ರೆಯಲ್ಲಿ ಮೊದಲು ತೊಳೆಯಬೇಕು, ಚೀಟಿ ಮಾಡಿಸುವುದು ಆಮೇಲೆ. ಮರಗಟ್ಟಿಸುವ ಹನಿ ಹಾಕಿ, ಐವಿ ಸೆಟ್ಟಿನ ನಳಿಕೆಯಿಂದ ಕನಿಷ್ಠ 30 ನಿಮಿಷ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಬಿಡಬೇಕು. ನಿಲ್ಲಿಸಿ 5 ನಿಮಿಷದ ನಂತರ ಕೆಳರೆಪ್ಪೆಯೊಳಗೆ ಪಿಎಚ್ ಕಾಗದ (ಆಮ್ಲ-ಕ್ಷಾರದ ಮಟ್ಟ ತೋರಿಸುವ ಪಟ್ಟಿ) ಮುಟ್ಟಿಸಿದಾಗ 7–7.4 ಬರದಿದ್ದರೆ ಮತ್ತೆ ತೊಳೆಯಬೇಕು. ಎಷ್ಟು ತೊಳೆದರೂ ಪಿಎಚ್ ಇಳಿಯದಿದ್ದರೆ ಮೇಲ್ರೆಪ್ಪೆಯ ಮಡಿಕೆಯಲ್ಲಿ ಸುಣ್ಣದ ಹರಳು ಕುಳಿತಿರುವ ಸಾಧ್ಯತೆ ಹೆಚ್ಚು. ರೆಪ್ಪೆಯನ್ನು ಎರಡು ಸಲ ಮಗುಚಿ, ಒದ್ದೆ ಹತ್ತಿಕಡ್ಡಿಯಿಂದ ಅದನ್ನು ತೆಗೆಯಲೇಬೇಕು. ಸಿಂಧನೂರು, ಮಾನ್ವಿ, ಲಿಂಗಸೂಗೂರು, ದೇವದುರ್ಗದ ತುರ್ತು ಕೋಣೆಗಳಲ್ಲಿ ಪಿಎಚ್ ಕಾಗದ ಮತ್ತು ರೆಪ್ಪೆ ಎತ್ತುವ ರಿಟ್ರಾಕ್ಟರ್ ಸದಾ ಇರಲಿ. ಇದಕ್ಕೆ ಟೆಂಡರ್ ಕೂಡ ಬೇಕಿಲ್ಲ.

ಇನ್ನು ಕಣ್ಣಿನಲ್ಲಿ ಉಳಿಯುವ ಕಲೆಯ ಮಾತು. ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಮೇಲ್ಪದರ ಮತ್ತು ಅದರಡಿಯ ಆಧಾರಪೊರೆ ನಾಶವಾದರೆ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಒಳಪದರಕ್ಕಿಳಿದು, ಅಲ್ಲಿನ ಕೋಶಗಳನ್ನು ನಾರು ಹೆಣೆಯುವ ಕೋಶಗಳಾಗಿ ಮಾರ್ಪಡಿಸುತ್ತದೆ. ಕಣ್ಣಲ್ಲಿ ಹೂ ಬೀಳುವುದು ಹೀಗೆ. ಮಾಸಿನ ಒಳಪದರವಾದ ಆಮ್ನಿಯಾನ್ ಪೊರೆಯನ್ನು ಬೇಗ ಹೊಲಿದರೆ ಅಥವಾ ಫೈಬ್ರಿನ್ ಅಂಟಿನಿಂದ ಕೂರಿಸಿದರೆ ಅದು ಹೊಸ ಕೋಶಗಳಿಗೆ ಹಾಸಾಗುತ್ತದೆ, ಉರಿಯೂತವನ್ನೂ ಟಿಜಿಎಫ್-ಬೀಟಾ ಪ್ರಭಾವವನ್ನೂ ತಗ್ಗಿಸುತ್ತದೆ. ಅದು ವಾರಗಳಲ್ಲಿ ಕರಗುವುದರಿಂದ ಕೆಲವೊಮ್ಮೆ ಎರಡನೆಯದು ಬೇಕಾಗುತ್ತದೆ. ಮೇಲ್ಪದರವನ್ನು ಹೊಸದಾಗಿ ಬೆಳೆಸುವ, ಕಾರ್ನಿಯಾದ ಅಂಚಿನ ಕಾಂಡಕೋಶಗಳು ಪೂರ್ತಿ ಸುಟ್ಟಿದ್ದರೆ ಪೊರೆಯೊಂದರಿಂದಲೇ ಆಗದು. ಭತ್ತದ ಗರಿ ಗೀರಿ ಶಿಲೀಂಧ್ರ ಹುಣ್ಣಾದ ಕಣ್ಣಿನ ದಾರಿಯೇ ಬೇರೆ: ಮೊದಲು ಕೆರೆದು ಶಿಲೀಂಧ್ರ ಪತ್ತೆಯ ಕೆಒಎಚ್ ಪರೀಕ್ಷೆ, ಶಿಲೀಂಧ್ರನಾಶಕ ನಾಟಾಮೈಸಿನ್ 5% ಹನಿ, ಸೋಂಕು ಹತೋಟಿಗೆ ಬಂದ ಮೇಲಷ್ಟೇ ಪೊರೆ. ಆ ಕಣ್ಣಿಗೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿ ಬಿದ್ದರೆ ಹುಣ್ಣು ಕೆರಳುತ್ತದೆ.

ಪೊರೆ ಎಲ್ಲಿಂದ? ಸಿಸೇರಿಯನ್ ಹೆರಿಗೆಯ ಮಾಸಿನಿಂದ, ತಾಯಿಯ ಒಪ್ಪಿಗೆ ಪಡೆದು, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಮುಗಿಸಿ. ಗ್ಲಿಸರಾಲ್ ದ್ರಾವಣದಲ್ಲಿ ಶೇಖರಿಸಿಡಲು ಮೈನಸ್ 80 ಡಿಗ್ರಿ ಫ್ರೀಜರ್ ಬೇಕು. ಕರೆಂಟು ಕೈಕೊಟ್ಟರೆ ಇಡೀ ದಾಸ್ತಾನು ಹೋಯಿತು. ಆದ್ದರಿಂದ ಒಣಗಿಸಿ ಗಾಮಾ ವಿಕಿರಣದಿಂದ ಸೋಂಕು ತೆಗೆದ ಪೊರೆಯನ್ನೇ ಮೊದಲು ತರಿಸಿ ಎಂಬುದು ನಮ್ಮ ಸಲಹೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ ಇಂಥದ್ದನ್ನು ತಯಾರಿಸುತ್ತದೆ. ಒಣಗಿಸುವಾಗ ಕೆಲವು ಪ್ರೋಟೀನ್ ನಷ್ಟವಾಗುವುದು ನಿಜ; ಆದರೆ ಕಪಾಟಿನಲ್ಲೇ ಇಡಬಹುದು.

ರಾಯಚೂರಿಗೆ ಏಮ್ಸ್ ಬರಲಿ. ಹೈದರಾಬಾದಿನ ವಿಜ್ಞಾನಿಗಳು 2022ರಲ್ಲಿ 3ಡಿ ಮುದ್ರಣದಿಂದ ರೂಪಿಸಿದ ಕಾರ್ನಿಯಾವೂ ಒಂದು ದಿನ ಬರಲಿ. ಅಲ್ಲಿಯವರೆಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ ಕನಿಷ್ಠ 10 ಪೊರೆಗಳ ಕಾಯಂ ದಾಸ್ತಾನು ಮಂಜೂರು ಮಾಡಿ, ಅವಧಿ ಮುಗಿಯುವ ಮುನ್ನ ಬದಲಿಸುವ ಹೊಣೆಯನ್ನು ಒಬ್ಬ ಅಧಿಕಾರಿಗೆ ಲಿಖಿತವಾಗಿ ವಹಿಸಿ.

ಇಂತಿ,
ರಾಯಚೂರು ಜಿಲ್ಲೆಯ ನೇತ್ರ ಚಿಕಿತ್ಸಾ ಸಿಬ್ಬಂದಿ